ಎರಡು ಕೊಟ್ಟಿಗೆ, ಒಂದು ಕಂಡಿ

"ಎಲ್ಲಿದ್ದೀಯ ನೀನು?"

"ಕೊಟ್ಟಿಗೇಲೇ ಇವ್ನಿ ಕಣ್ರೀ. ಬೆಳ್ಳಿ ಪಕ್ಕದಲ್ಲೇ ನಿಂತಿವ್ನಿ."

"ಸುಳ್ಳು ಹೇಳ್ಬ್ಯಾಡ ಪವಿ. ಕ್ಯಾಮೆರಾ ನೋಡ್ತಾವ್ನಿ ನಾನು. ಮೇಘನ ಕೂತ್ಕಂಡು ಹಾಲು ಕರೀತಾವ್ಳೆ. ನೀನು ಎಲ್ಲೂ ಕಾಣ್ತಿಲ್ಲ."

ಪವಿತ್ರ ಫೋನು ಕಿವಿಗೆ ಒತ್ತಿಕೊಂಡೇ ಕತ್ತೆತ್ತಿದಳು. ಮೂಲೆಯ ಕಂಬದ ತುದಿಯಲ್ಲಿ ಕ್ಯಾಮೆರಾ ತನ್ನ ಕೆಂಪು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬೆಳ್ಳಿ ಮಲಗಿದಲ್ಲೇ ಮೆಲುಕು ಹಾಕುತ್ತಾ, ಹೊತ್ತಲ್ಲದ ಹೊತ್ತಿನಲ್ಲಿ ಓಡಿ ಬಂದವಳನ್ನು ಅಚ್ಚರಿಯಿಂದ ದಿಟ್ಟಿಸಿತು. ಗಂಜಲದ ವಾಸನೆ, ಒಣಹುಲ್ಲು, ಮೇವಿನ ಗೊಂತಿನ ಮೇಲೆ ಕೂತ ಒಂದು ಕೋಳಿ. ಮೇಘನ ಇರಲಿಲ್ಲ. ಮೇಘನಳ ಬಕೆಟ್ಟೂ ಇರಲಿಲ್ಲ.

ಪವಿತ್ರ ಕ್ಯಾಮೆರಾದತ್ತ ಕೈ ಬೀಸಿದಳು. "ಈಗ ಕಾಣ್ತಿವ್ನಾ?"

"ಎದ್ಲು! ಬಕೆಟ್ ಎತ್ಕಂಡು ಹೊಂಟ್ಲು ನೋಡು!" ಗಂಡನ ದನಿ ಕಿರುಚಿತು. ಆಮೇಲೆ ತಣ್ಣಗಾಯಿತು. ಕಿರುಚುವುದಕ್ಕಿಂತ ಆ ತಣ್ಣಗಿನ ದನಿಗೇ ಅವಳು ಹೆದರುವುದು. "ನಂಗೆ ಗೊತ್ತಾಯ್ತು ಬುಡು. ಅವ್ಳು ಕದಿಯೋದು, ನೀನು ಮುಚ್ಚಾಕೋದು. ವಾರಗಿತ್ತೀರಿಬ್ರೂ ಸೇರ್ಕಂಡು ನನ್ನ ಕಣ್ಣಿಗೆ ಮಣ್ಣಾಕ್ತಾ ಇದ್ದೀರ. ಇವತ್ತೇ ಇಟ್ಟಿಗೆ ಇಳಿಸ್ತೀನಿ. ನಾಳೆ ಗಾರೆ ಮಂಚಯ್ಯನ್ನ ಕರ್ಸಿ ಹಿತ್ತಲ ಗೋಡೆ ಕಂಡಿ ಮುಚ್ಚಿಸ್ದಿದ್ರೆ ಕೇಳು."

ಫೋನು ಕಟ್ಟಾಯಿತು. ರಘುನಂದನ್ ಹಾಲಿನ ಗಾಡಿ ಓಡಿಸುವವನು. ಕೋಳಿ ಕೂಗುವ ಮುಂಚೆ ಮನೆ ಬಿಟ್ಟು, ಊರೂರಿನ ಡೇರಿಗಳ ಮುಂದೆ ನಿಲ್ಲಿಸಿ, ಕ್ಯಾನು ತುಂಬಿಕೊಂಡು ಹೋಗುತ್ತಾನೆ. ಯಾವ ಊರಿನವರು ಎಷ್ಟು ನೀರು ಬೆರೆಸುತ್ತಾರೆ ಎಂಬುದು ಕ್ಯಾನು ಅಲ್ಲಾಡಿಸಿದರೇ ತಿಳಿಯುತ್ತದೆ ಎನ್ನುವ ಮನುಷ್ಯ. ಮಾವನ ಮನೆಗೆ ಹೋದರೂ ಮಜ್ಜಿಗೆಯನ್ನು ಬೆರಳಿಗೆ ಅಂಟಿಸಿಕೊಂಡು ನೋಡಿಯೇ ಕುಡಿಯುವವನು. ಮೊದಲ ಊರಿನಲ್ಲಿ ಕ್ಯಾನು ಏರಿಸುವಷ್ಟು ಹೊತ್ತು ಅವನಿಗೆ ಬಿಡುವು. ಆಗ ಫೋನು ತೆಗೆದು ತನ್ನ ಕೊಟ್ಟಿಗೆಯನ್ನು ನೋಡುತ್ತಾನೆ. ಕೆಲವು ದಿನ ಎಲ್ಲ ಸರಿಯಾಗಿರುತ್ತದೆ, ಬೆಳ್ಳಿ ಒಂದೇ ಮಲಗಿರುತ್ತದೆ. ಇನ್ನು ಕೆಲವು ದಿನ ತಮ್ಮನ ಹೆಂಡತಿ ಬೆಳ್ಳಿಯ ಕೆಚ್ಚಲಿಗೆ ಕೈ ಹಾಕಿ ಕೂತಿರುತ್ತಾಳೆ. ಅವನು ಫೋನು ಮಾಡುತ್ತಾನೆ, ಪವಿತ್ರ ಒಲೆ ಬಿಟ್ಟು ಓಡುತ್ತಾಳೆ, ಕೊಟ್ಟಿಗೆ ಬರಿದಾಗಿರುತ್ತದೆ.

ಬೆಳ್ಳಿಯ ಹಾಲು ಇಳಿದಿದ್ದಂತೂ ನಿಜವೇ. ಅತ್ತೆ ದ್ಯಾವಮ್ಮನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. "ಕಬ್ಬು ಕಡ್ದು ಮುಗೀತು. ಸೋಗೆ ಇಲ್ಲ, ಅಸುರು ಇಲ್ಲ. ಒಣುಲ್ಲು ತಿಂದು ಅಸ ಏನು ಕಾವೇರಿ ಅರಿಸ್ತದಾ?" ಎಂದು ಮಗನಿಗೆ ಹೇಳಿದ್ದಳು. ಮಗ ಫೋನು ತೋರಿಸಿದ್ದ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಇದ್ರಲ್ಲಿ ಎಲ್ರೂ ದೆವ್ವ ಇದ್ದಂಗವ್ರೆ, ಯಾರ್ ಯಾರೋ" ಎಂದು ಹಿಂದಕ್ಕೆ ಕೊಟ್ಟಿದ್ದಳು.

ತೊಣ್ಣೂರು ಕೆರೆಯ ಕೆಳಗಿನ ಆ ಊರಿನಲ್ಲಿ ಇಷ್ಟು ಸರಿಸಮನಾಗಿ ಭಾಗವಾದ ಮನೆ ಇನ್ನೊಂದಿರಲಿಲ್ಲ. ಮಾವ ಪುಟ್ಟಸ್ವಾಮಿ ತೀರಿಕೊಂಡ ಮೇಲೆ ದ್ಯಾವಮ್ಮ ತಾನೇ ಹಗ್ಗ ಹಿಡಿದು ನಿಂತು ಅಳೆಸಿದ್ದಳು. ನಾಳೆ ಯಾವ ಸೊಸೆಯೂ ಬಾಯಿ ತೆಗೆಯಬಾರದು. ನಡುಮನೆ ಅರ್ಧ, ಹಿತ್ತಲು ಅರ್ಧ. ಹಳೆಯ ಕೊಟ್ಟಿಗೆ ಅರ್ಧ ಮಾಡಲು ಬರುವುದಿಲ್ಲವೆಂದು ಕೆಡವಿಸಿ, ಗಾರೆ ಮಂಚಯ್ಯನಿಂದ ಎರಡು ಹೊಸ ಕೊಟ್ಟಿಗೆ ಕಟ್ಟಿಸಿದಳು. ಅದೇ ಶೀಟು, ಅದೇ ಕಂಬ, ಅದೇ ಎತ್ತರದ ಗೊಂತು. ಹಿರಿಮಗ ರಘುನಂದನ್‌ಗೆ ಬೆಳ್ಳಿ, ಕಿರಿಮಗ ಕೆಂಪರಾಜುವಿಗೆ ಬೆಳ್ಳಿಯ ಮಗಳು ಚುಕ್ಕಿ. ಬೆನ್ನಿನ ಮೇಲೆ ಕಪ್ಪು ನಕ್ಷೆ ಬಿಡಿಸಿದಂಥ ಎರಡು ಬಿಳಿ ಹಸುಗಳು, ಎದುರಿಗೆ ನಿಂತು ಮುಖ ನೋಡಿದರೆ ಮಾತ್ರ ಯಾವುದು ತಾಯಿ ಯಾವುದು ಮಗಳು ಎಂದು ಗೊತ್ತಾಗುವಂಥವು. ಎರಡು ಹಿತ್ತಲುಗಳ ನಡುವೆ ಗೋಡೆ ಎದ್ದಿತು. ಆ ಗೋಡೆಯಲ್ಲಿ ಒಂದಾಳು ದಾಟುವಷ್ಟು ಕಂಡಿ ಬಿಡಿಸಿದವಳೂ ದ್ಯಾವಮ್ಮನೇ. ಒಂದು ತಿಂಗಳು ಈ ಮನೆ, ಒಂದು ತಿಂಗಳು ಆ ಮನೆ ಎಂದು ಅವಳು ಓಡಾಡಬೇಕಲ್ಲ! ಕಂಡಿಯ ಕೆಳಗೆ ಗೋಡೆಯ ತಳಪಾಯ ಎತ್ತರವಾಗಿಯೇ ಉಳಿದು, ಕಾಲೆತ್ತಿ ದಾಟುವಾಗಲೆಲ್ಲ ಗೋಡೆ ಹಿಡಿದು "ಸಿವನೇ" ಅನ್ನುತ್ತಿದ್ದಳು.

ಭಾಗವಾಗದೆ ಉಳಿದದ್ದು ಎರಡೇ, ಅತ್ತೆ ಮತ್ತು ವೈಫೈ.

ವೈಫೈ ಡಬ್ಬ ರಘುನಂದನ್‌ನ ನಡುಮನೆಯಲ್ಲಿತ್ತು. ಎರಡು ಕೊಟ್ಟಿಗೆಗೂ ಕ್ಯಾಮೆರಾ ಹಾಕಿಸಿದಾಗ ಎರಡನ್ನೂ ಅದಕ್ಕೇ ಸೇರಿಸಿದರು. ಅಣ್ಣನ ಕೊಟ್ಟಿಗೆ ಅಣ್ಣನ ಫೋನಿಗೆ, ತಮ್ಮನದು ಮೇಘನಳ ಫೋನಿಗೆ. ಪಾಂಡವಪುರದಿಂದ ಬಂದಿದ್ದ ಕ್ಯಾಮೆರಾದವನು ಏಣಿ ಇಳಿದು, "ಅಣ್ಣ, ಈ ಡಬ್ಬಕ್ಕೆ ಸೇರೋ ಒಂದೊಂದು ಸಾಮಾನಿಗೂ ಒಂದೊಂದು ಐಪಿ ನಂಬರು ಬೇಕು, ಮನೆ ನಂಬರಿದ್ದಂಗೆ. ಕ್ಯಾಮೆರಾಗೆ ಇದೇ ನಂಬರು ಅಂತ ಫಿಕ್ಸ್ ಮಾಡ್ಬುಡ್ಲಾ, ಇಲ್ಲ ಆಟೋಮ್ಯಾಟಿಕ್ ಬುಡ್ಲಾ?" ಎಂದು ಕೇಳಿದ್ದ.

"ಆಟೋಮ್ಯಾಟಿಕ್ಕೇ ಬುಡು ಮಾರಾಯ," ಎಂದಿದ್ದ ರಘುನಂದನ್. "ಬೋರಿಗೆ ಆಟೋ ಸ್ಟಾರ್ಟರ್ ಹಾಕ್ಸಿದ ಮೇಲೇ ನಾನು ಕಣ್ತುಂಬ ನಿದ್ದೆ ಕಂಡಿದ್ದು. ಕರೆಂಟ್ ಬಂದ್ರೆ ತಾನೇ ಎದ್ದು ತಾನೇ ಓಡ್ಬೇಕು. ಮನುಷ್ಯ ಕೈ ಹಾಕ್ದಷ್ಟೂ ವಾಸಿ."

ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದ ಪವಿತ್ರಳಿಗೆ ಆ ಪ್ರಶ್ನೆ ಯಾಕೋ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ನಂಬರು ಯಾರಿಗೂ ಸ್ವಂತವಲ್ಲದ ಮನೆ ಹೇಗಿರುತ್ತದೆ ಎಂದು ಅವಳು ಪಾತ್ರೆ ತೊಳೆಯುತ್ತಾ ಯೋಚಿಸಿದ್ದಳು. ಅವಳ ಯೋಚನೆಗಳೇ ಹಾಗೆ. ಬೂಕನಕೆರೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಕಥೆ ಕೇಳಿ ಬೆಳೆದವಳು, ಕುದಿಯುವ ಸಾರನ್ನು ನೋಡುತ್ತಾ ನಿಂತು ಉಕ್ಕಿಸಿಬಿಡುವವಳು.

ಗಂಡ ಫೋನಿನಲ್ಲಿ ರೇಗಿದ ದಿನವೇ ಮಧ್ಯಾಹ್ನ ಸಿಮೆಂಟು ಇಟ್ಟಿಗೆ ಬಂದು ಹಿತ್ತಲಲ್ಲಿ ಇಳಿಯಿತು. ಇಳಿಸಿದ ಸದ್ದಿಗೆ ಮೇಘನ ಕಂಡಿಯಲ್ಲಿ ಕಾಣಿಸಿಕೊಂಡಳು. ಕೈಯಲ್ಲಿ ಬಸ್ಸಾರಿನ ಬಟ್ಟಲು, ಮೈಮೇಲೆ ಕೆಂಪರಾಜುವಿನ ಹಳೇ ಸ್ವೆಟರು. ನಾಗಮಂಗಲದ ಕಡೆಯ ಹುಡುಗಿ, ಮಾತು ಪಟಪಟ.

"ಇಟ್ಟಿಗೆ ಯಾಕಕ್ಕ? ಬಚ್ಚಲು ಕಟ್ತೀರಾ?"

"ನಂಗೇನ್ ಗೊತ್ತು? ನಿಮ್ಮ ಭಾವನ್ನೇ ಕೇಳು."

ಇಬ್ಬರೂ ಆ ತಳಪಾಯದ ಆಚೆ ಒಬ್ಬಳು ಈಚೆ ಒಬ್ಬಳು ಕೂತು ಅವರೆಕಾಯಿ ಸುಲಿದ ಮಧ್ಯಾಹ್ನಗಳಿಗೆ ಲೆಕ್ಕವಿರಲಿಲ್ಲ. ಪವಿತ್ರ ಅಜ್ಜಿಯ ಕಥೆ ಹೇಳುವಳು, ಮೇಘನ ಕಾಳು ಬಾಯಿಗೆ ಹಾಕಿಕೊಂಡು ನಗುವಳು. "ಬಾಳ ಮೆತ್ತಗೆ ಅಕ್ಕ ನಿಮ್ಮಜ್ಜಿ. ನಮ್ಮೂರ ಕಥೇಲಿ ಕಳ್ಳನ್ನ ಇಡ್ಕೊಂಡು ತಿಥಿ ಮಾಡ್ಬುಡ್ತಾರೆ." ಈ ಊರಿನಲ್ಲಿ ಪವಿತ್ರ ಬಾಯಿಬಿಟ್ಟು ಮಾತಾಡುವುದು ಇವಳೊಬ್ಬಳ ಹತ್ತಿರ. ಕಂಡಿ ಮುಚ್ಚಿದರೆ ಆ ಮನೆಗೆ ಬೀದಿ ಸುತ್ತಿ ಹೋಗಬೇಕು, ಹೋಗುವುದಕ್ಕೆ ಒಂದು ಕಾರಣ ಬೇಕು, ಕಾರಣವನ್ನು ಗಂಡನಿಗೆ ಹೇಳಬೇಕು.

ಆದರೆ ಈಗ ಮೇಘನ ಮೊದಲಿನಂತಿರಲಿಲ್ಲ. ಅದನ್ನು ಪವಿತ್ರ ಗಮನಿಸಿದ್ದಳು. ಕೆಲವು ದಿನಗಳಿಂದ ಇವಳನ್ನು ನೋಡಿದರೆ ಮಾತು ಅರ್ಧಕ್ಕೆ ನಿಲ್ಲಿಸುತ್ತಿದ್ದಳು, ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಬಟ್ಟಲು ಕೊಡುತ್ತಾ ಮೇಘನ ದನಿ ತಗ್ಗಿಸಿ ಅಂದಳು:

"ಅಕ್ಕ, ಏನಾದ್ರೂ ಬೇಕಿದ್ರೆ ಬಾಯ್ಬುಟ್ಟು ಕೇಳು. ನಾನೇನು ಬ್ಯಾರೆಯೋಳಾ?"

ಪವಿತ್ರ ಬಟ್ಟಲು ತೆಗೆದುಕೊಂಡಳು. ಕದ್ದವರ ಬಾಯಿಗೇ ಇಷ್ಟು ಬೆಲ್ಲ ಮೆತ್ತಿರುತ್ತದೆ ಎಂದುಕೊಂಡಳು. ಬಸ್ಸಾರನ್ನು ಒಲೆಯ ಮೇಲೆ ಇಟ್ಟು, ಅತ್ತೆಗೆ ಬಡಿಸಿದಳು. ತಾನು ಉಪ್ಪಿನಕಾಯಿ ನಂಚಿಕೊಂಡು ಮುದ್ದೆ ನುಂಗಿದಳು.

ಸಾಯಂಕಾಲ ರಘುನಂದನ್ ಅವಳ ಫೋನು ಕಿತ್ತುಕೊಂಡು ತನ್ನ ಫೋನಿನಲ್ಲಿದ್ದ ಕ್ಯಾಮೆರಾದ ಆ್ಯಪನ್ನೇ ಅದಕ್ಕೂ ಹಾಕಿದ. ತೆರೆಯ ಮೇಲೆ 'ನಮ್ಮ ಕೊಟ್ಟಿಗೆ' ಎಂದು ಬಂತು. "ನಾಳೆ ನೀನೇ ನೋಡು. ಹುಲ್ಲಿನ ಮೆದೆ ಹಿಂದೆ ಕೂತ್ಕ. ಬಂದ ತಕ್ಷಣ ಕೈ ಹಿಡಿ. ಹಿಡಿಲಿಲ್ಲ ಅಂದ್ರೆ ನೀನೂ ಕಳ್ಳೀನೇ ಅಂತ ತಿಳ್ಕತೀನಿ."

"ನಾನು ಕೊಟ್ಟಿಗೇಲೇ ಇದ್ದೆ ಕಣ್ರೀ. ನಿಮ್ಮಾಣೆಗೂ."

"ಆಣೆ ಇಡೋರೆಲ್ಲ ನೀರು ಬೆರೆಸೋರೇ. ದಿನಾ ನೋಡ್ತೀನಿ."

ಆ ಮಾತು ನುಂಗಿಕೊಂಡು ಮಲಗಿದವಳಿಗೆ ಅಜ್ಜಿಯ ಒಂದು ಕಥೆ ನೆನಪಾಯಿತು. ಯಾವುದೋ ಊರಿನ ಛತ್ರ. ಛತ್ರದವನದ್ದು ಒಂದೇ ನಿಯಮ: ಸಂಜೆ ಯಾರು ಮೊದಲು ಬರುತ್ತಾರೋ ಅವರಿಗೆ ಮೊದಲನೇ ಮಂಚ, ಆಮೇಲೆ ಬಂದವರಿಗೆ ಎರಡನೆಯದು. ಒಬ್ಬ ಮಲತಾಯಿ, ಮಲಮಗ ಮೊದಲನೇ ಮಂಚದಲ್ಲಿ ಮಲಗುತ್ತಾನೆಂದು ತಿಳಿದುಕೊಂಡು, ಆ ಮಂಚಕ್ಕೆ ಕೊಡಿ ಎಂದು ಕಜ್ಜಾಯ ಕಳಿಸಿದಳು. ಕಜ್ಜಾಯದಲ್ಲಿ ವಿಷ. ಆವತ್ತು ಹಳ್ಳ ಬಂದು ಮಲಮಗ ತಡವಾದ. ಸ್ವಂತ ಮಗ ಓಡಿಬಂದು ಮೊದಲನೇ ಮಂಚ ಹಿಡಿದಿದ್ದ. ಇಲ್ಲಿಗೆ ಬಂದಾಗಲೆಲ್ಲ ಅಜ್ಜಿ ನಿಲ್ಲಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಮುಂದೇನಾಯಿತು ಎಂದು ಪವಿತ್ರ ಯಾವತ್ತೂ ಕೇಳಿರಲಿಲ್ಲ, ಹೆದರಿಕೆಯಾಗುತ್ತಿತ್ತು.

ಮಾರನೇ ಬೆಳಗಿನ ಜಾವ ಗಂಡನ ಗಾಡಿಯ ಸದ್ದು ಬೀದಿ ತಿರುಗಿದ ಮೇಲೆ ಅವಳು ಎದ್ದು ಕೊಟ್ಟಿಗೆಗೆ ಹೋದಳು. ಮೆದೆಯ ಹಿಂದೆ ಕೂರಲು ಮನಸ್ಸಾಗಲಿಲ್ಲ. ಬೆಳ್ಳಿಯನ್ನು ಎಬ್ಬಿಸಿ, ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು. ಆ ಬಿಸಿ ಚರ್ಮದ ಕೆಳಗೆ ಉಸಿರು ಏರಿ ಇಳಿಯುತ್ತಿತ್ತು. ಇನ್ನೊಂದು ಕೈಯಲ್ಲಿ ಫೋನು ತೆರೆದಳು.

'ನಮ್ಮ ಕೊಟ್ಟಿಗೆ' ಬಂತು. ಬೂದಿ ಬಣ್ಣದ ಚಿತ್ರ. ಶೀಟಿನ ಅಂಚು, ಕಂಬ, ಗೊಂತು, ನಿಂತ ಹಸುವಿನ ಬೆನ್ನು. ಕೆಳಗೆ ಸ್ವೆಟರು ಹಾಕಿಕೊಂಡು ಕೂತ ಮೇಘನ, ಬಕೆಟ್ಟಿನ ಮೇಲೆ ಬಗ್ಗಿದ ತಲೆ.

ಪವಿತ್ರ ಕಣ್ಣು ಕೆಳಗಿಳಿಸಿದಳು. ಬೆಳ್ಳಿಯ ಕೆಚ್ಚಲ ಬಳಿ ಯಾರೂ ಇಲ್ಲ. ಮತ್ತೆ ಫೋನು ನೋಡಿದಳು. ಮೇಘನ ಇದ್ದಾಳೆ. ಹಸು ಇದೆ. ಹಸುವಿನ ಬೆನ್ನ ಮೇಲೆ ಕೈ ಇಲ್ಲ. ತಾನಿಲ್ಲ. ಒಂದು ಗಳಿಗೆ ಅವಳಿಗೆ ನಿಜಕ್ಕೂ ಅನುಮಾನವಾಯಿತು, ಮೇಘನಳ ಮೇಲಲ್ಲ, ತನ್ನ ಮೇಲೆ. ತಾನು ಇನ್ನೂ ಹಾಸಿಗೆಯಲ್ಲೇ ಇದ್ದೇನೋ? ಬೆಳ್ಳಿಯ ಬೆನ್ನು ಚಿವುಟಿದಳು. ಬೆಳ್ಳಿ ಬಾಲ ಬೀಸಿ ಅವಳ ಮುಖಕ್ಕೆ ಒಂದು ಬಿಟ್ಟಿತು. ಫೋನಿನ ಹಸು ಬಾಲ ಆಡಿಸಲಿಲ್ಲ.

ಅಜ್ಜಿಯ ಕಥೆಯ ಹಳ್ಳ ಬಂದಿತ್ತು. ಮೊದಲನೇ ಮಂಚದಲ್ಲಿ ಬೇರೆಯವನು ಮಲಗಿದ್ದ.

ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಇಟ್ಟಿಗೆಯ ರಾಶಿ ಬಳಸಿ, ಕಂಡಿಯ ತಳಪಾಯ ದಾಟಿ ಆಚೆಯ ಹಿತ್ತಲಿಗೆ ಇಳಿದಳು. ಕಣ್ಣು ಫೋನಿನ ಮೇಲೇ ಇತ್ತು. ಕೆಂಪರಾಜುವಿನ ಕೊಟ್ಟಿಗೆಯ ಬಾಗಿಲಿಗೆ ಬಂದಾಗ ತೆರೆಯ ಮೂಲೆಯಲ್ಲಿ ಒಬ್ಬ ಹೆಂಗಸು ಕಾಣಿಸಿದಳು. ಕೈಯಲ್ಲಿ ಫೋನು ಹಿಡಿದಿದ್ದಳು, ಸೀರೆ ಮೊಣಕಾಲಿಗೆ ಎತ್ತಿತ್ತು.

"ಏನಕ್ಕ ಇಷ್ಟೊತ್ನಲ್ಲಿ?" ಮೇಘನ ಹಾಲಿನ ಕೈ ಒರೆಸಿಕೊಳ್ಳುತ್ತಾ ಎದ್ದಳು. ಮುಖದಲ್ಲಿ ಗಾಬರಿ. "ಅತ್ತೆಗೆ ಏನಾದ್ರೂ..."

"ಇಲ್ಲ, ಇಲ್ಲ. ಇಲ್ನೋಡು. ನಮ್ಮ ಕೊಟ್ಟಿಗೇಲಿ ನೀನಿದ್ದೀಯ."

ಮೇಘನ ಬಗ್ಗಿ ನೋಡಿದಳು. ತಲೆಯೆತ್ತಿ ಕಂಬದ ಕ್ಯಾಮೆರಾ ನೋಡಿದಳು. ಕೈ ಎತ್ತಿ ಆಡಿಸಿದಳು, ಫೋನಿನಲ್ಲೂ ಕೈ ಆಡಿತು. ಆಮೇಲೆ ಅವಳು ಕಿಟಕಿಯ ಸಂದಿನಿಂದ ತನ್ನ ಫೋನು ತೆಗೆದಳು. ಅದರಲ್ಲಿ ಒಂಟಿ ಹಸುವೊಂದು ಖಾಲಿ ಗೊಂತು ಮೂಸುತ್ತಿತ್ತು. ಬೆಳ್ಳಿ.

"ಅಯ್ಯೋ ನನ್ನ ಕರ್ಮವೇ," ಎಂದು ಮೇಘನ ನಿಂತಲ್ಲೇ ಕುಕ್ಕರಿಸಿ ಕೂತಳು. ಸೆರಗಿನ ಬದಲು ಸ್ವೆಟರಿನ ತೋಳನ್ನೇ ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಸಂಕ್ರಾಂತಿ ಕಳ್ದಾಗ್ಲಿಂದ ನೋಡ್ತಾವ್ನಿ ಅಕ್ಕ. ನಾನು ಹಾಲು ಕರ್ದು, ಕಾಫಿ ಕುಡ್ಯೋವಾಗ ಫೋನ್ ತೆಗುದ್ರೆ, ನೀನು ನಮ್ಮ ಚುಕ್ಕಿ ಕೆಳಗೆ ಕೂತಿರ್ತಿದ್ದೆ. ಒಂದ್ಸಲ ಅಲ್ಲ."

"ನೋಡಿ?"

"ನೋಡಿ ಏನು? ಬೆಳ್ಳಿ ಹಾಲು ಕಮ್ಮಿ ಆಗದೆ ಅಂತ ಅತ್ತೆ ಅಂತಿದ್ರು. ಭಾವಂಗೆ ಹೆದರ್ಕಂಡು ನಮ್ದು ಒಸಿ ತಗೊಂಡು ಸೇರಿಸ್ತಾ ಇರ್ಬೇಕು ಅಂದ್ಕಂಡೆ."

"ಎದ್ದು ಬಂದು ಕೇಳ್ಬೋದಿತ್ತಲ್ಲ ಮೇಘನ?"

"ಎದ್ದು ಬಂದ್ರೆ ಆಮೇಲೆ ನೀನು ನಂಗೆ ಮುಖ ತೋರಿಸ್ತಿದ್ಯಾ?" ಎಂದು ಅವಳು ಸೀದಾ ಕೇಳಿದಳು. "ನಮ್ಮೋರಿಗೂ ಹೇಳ್ಲಿಲ್ಲ. ಚುಕ್ಕಿಗೆ ಒಂದು ಬೊಗಸೆ ಹಿಂಡಿ ಜಾಸ್ತಿ ಹಾಕ್ತಿದ್ದೆ, ಇಬ್ರಿಗೂ ಆಗ್ಲಿ ಅಂತ." ಆಮೇಲೆ ಏನೋ ಹೊಳೆದವಳಂತೆ ನಗು ನಿಲ್ಲಿಸಿದಳು. "ಅಂಗಾರೆ ನೀನೂ ನನ್ನ ನೋಡಿರ್ಬೇಕಲ್ಲ. ಏನಂದ್ಕಂಡೆ?"

ಪವಿತ್ರಳಿಗೆ ಬಸ್ಸಾರಿನ ಬಟ್ಟಲು ನೆನಪಾಯಿತು. "ನಂಗೆ ಈ ಫೋನಲ್ಲಿ ಹಾಕ್ಕೊಟ್ಟಿದ್ದೇ ನಿನ್ನೆ," ಎಂದಳು. ಅದು ಸುಳ್ಳಲ್ಲ. ಆದರೆ ಮೇಘನ ಕೇಳಿದ್ದಕ್ಕೆ ಉತ್ತರವೂ ಅಲ್ಲ.

ಬೆಳಕು ಹರಿದ ಮೇಲೆ ಪವಿತ್ರ ಕ್ಯಾಮೆರಾದವನಿಗೆ ಫೋನು ಮಾಡಿದಳು. ಅವನು ಆಕಳಿಸುತ್ತಾ ಹೇಳಿದ: "ಆಟೋಮ್ಯಾಟಿಕ್ ಅಲ್ವಾ ಅಕ್ಕ? ಕರೆಂಟ್ ಹೋಗಿ ಬಂದಾಗ ನಿಮ್ಮ ಡಬ್ಬ ಹಳೇದೆಲ್ಲ ಮರ್ತುಬುಡ್ತದೆ. ಯಾವ ಕ್ಯಾಮೆರಾ ಮೊದ್ಲು ಎದ್ದು ಬಂದು ಕೇಳ್ತದೋ ಅದ್ಕೆ ಮೊದಲ್ನೇ ನಂಬರು. ನಿಮ್ಮ ಫೋನು ಬರೀ ನಂಬರ್ ನೋಡ್ತದೆ, ಅದ್ರಲ್ಲಿ ಯಾರವ್ರೆ ಅಂತ ಅದ್ಕೇನ್ ಗೊತ್ತು? ಅದ್ಕೇ ಅವತ್ತೇ ಕೇಳಿದ್ನಲ್ಲ, ಅಣ್ಣ ಬೋರ್‌ವೆಲ್ ಕಥೆ ಹೇಳುದ್ರು." ಅವನು ಹೇಳಿಕೊಟ್ಟಂತೆ ಅವಳು ಫೋನಿನಲ್ಲೇ ಡಬ್ಬದೊಳಗಿನ ಪುಟ ತೆರೆದು, ಈ ಕ್ಯಾಮೆರಾಗೆ ಈ ನಂಬರು, ಆ ಕ್ಯಾಮೆರಾಗೆ ಆ ನಂಬರು ಎಂದು ಕೂರಿಸಿದಳು. ಡಬ್ಬವನ್ನು ಆರಿಸಿ ಹಾಕಿದಳು, ಮತ್ತೆ ಆರಿಸಿ ಹಾಕಿದಳು. 'ನಮ್ಮ ಕೊಟ್ಟಿಗೆ'ಯಲ್ಲಿ ಬೆಳ್ಳಿಯೇ ಬಂತು.

ರಘುನಂದನ್ ಗಾಡಿ ನಿಲ್ಲಿಸಿ ಒಳಗೆ ಬರುವಾಗ ಮಂಚಯ್ಯ ಆಗಲೇ ಹಿತ್ತಲಲ್ಲಿ ಸಿಮೆಂಟು ಕಲಸುತ್ತಿದ್ದ. ಪವಿತ್ರ ಎಲ್ಲವನ್ನೂ ಹೇಳಿದಳು, ತೋರಿಸಿದಳು. ಗಂಡ ಎರಡು ಕೊಟ್ಟಿಗೆಗೂ ಹೋಗಿ, ಕ್ಯಾಮೆರಾದ ಮುಂದೆ ಟವೆಲು ಬೀಸಿ, ಫೋನು ನೋಡಿ, ಮತ್ತೆ ಬೀಸಿದ. ಒಪ್ಪದೆ ವಿಧಿಯಿರಲಿಲ್ಲ. ಆದರೂ, "ನೀನು ನಂಬರು ಹಿಂದೆ ಮುಂದೆ ಮಾಡಿ ನಂಗೆ ತೋರಿಸ್ತಿಲ್ಲ ತಾನೆ?" ಎಂದ.

ಜಗಲಿಯ ಮೇಲೆ ಕೂತಿದ್ದ ದ್ಯಾವಮ್ಮ, "ಲೋ ರಘು, ನಿಂಗೆ ಒಟ್ಟೇಲಿದ್ದಾಗ್ಲಿಂದ್ಲೂ ಅನುಮಾನವೇ ಕಣ್ಲಾ. ಉಟ್ಟಿದ ದಿನ ನನ್ನ ಮೊಲೆ ಆಲೂ ಮೂಸಿ ನೋಡ್ದೋನು ನೀನು," ಎಂದಳು. ಮಂಚಯ್ಯ ಸದ್ದಿಲ್ಲದೆ ನಕ್ಕ. ರಘುನಂದನ್ ಕಿವಿ ಕೆಂಪಾಗಿಸಿಕೊಂಡು ಸ್ನಾನಕ್ಕೆ ಹೋದ. ಕಂಡಿಯ ಬಗ್ಗೆ ಮುಚ್ಚು ಅನ್ನಲಿಲ್ಲ, ಬಿಡು ಎಂದೂ ಅನ್ನಲಿಲ್ಲ.

"ಸಿಮೆಂಟು ಗಟ್ಟಿಯಾಗ್ತದೆ ಕಣವ್ವ. ಏನ್ ಮಾಡ್ಲಿ?" ಎಂದ ಮಂಚಯ್ಯ.

ಪವಿತ್ರ ಕಂಡಿಯ ಕಡೆ ನೋಡಿದಳು. "ತಳಪಾಯ ಎತ್ರ ಆಯ್ತು, ಅತ್ತೆಗೆ ಕಾಲೆತ್ತಕ್ಕಾಗಲ್ಲ. ಈ ಕಡೆ ಒಂದು, ಆ ಕಡೆ ಒಂದು ಮೆಟ್ಲು ಕಟ್ಟು."

"ಚೆಂದಾಗದೆ!" ಮಂಚಯ್ಯ ಕರಣೆ ಸೊಂಟಕ್ಕೆ ಆನಿಸಿ ನಿಂತ. ಅವನದು ಊರಾಚೆಗೂ ಕೇಳುವ ದನಿ. "ನಿನ್ನೆ ಕಂಡಿ ಮುಚ್ಚು ಮಂಚಯ್ಯ, ಆಲು ಕಳ್ತನ ಆಯ್ತಾ ಅದೆ ಅಂತಾರೆ ನಿನ್ ಗಂಡ. ಇವತ್ತು ಮೆಟ್ಲು ಕಟ್ಟು ಅಂತೀಯೆ ನೀನು. ಒಂದು ಮಾತು ಆಡ್ರವ್ವ!"

ಕಂಡಿಯ ಆಚೆ ಬಟ್ಟೆ ಒಗೆಯುವ ಸದ್ದು ನಿಂತಿತು. ಪವಿತ್ರ ನೋಡಿದಳು. ಮೇಘನ ಕಲ್ಲಿನ ಮೇಲೆ ಬಗ್ಗಿದವಳು ಹಾಗೇ ತಲೆಯೆತ್ತಿ, ಇಟ್ಟಿಗೆಯ ರಾಶಿಯನ್ನು ನೋಡುತ್ತಿದ್ದಳು. ಆಮೇಲೆ ಪವಿತ್ರಳನ್ನು ನೋಡಿದಳು. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮೆಟ್ಟಿಲು ಎದ್ದಿತು. ಆವತ್ತು ಮಧ್ಯಾಹ್ನ ಆ ಕಡೆಯಿಂದ ಯಾರೂ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಪವಿತ್ರ ನೀರು ಹಾಕುವ ನೆಪದಲ್ಲಿ ಹಸಿ ಮೆಟ್ಟಿಲಿನ ಬಳಿ ಮತ್ತೆ ಮತ್ತೆ ಹೋಗಿ ನಿಂತಳು. ಆಚೆ ಒಗ್ಗರಣೆಯ ವಾಸನೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಕರೆದರೆ ಬಂದಾಳು. ಬಂದರೆ ಏನಂದ್ಕಂಡೆ ಎಂಬ ಅದೇ ಪ್ರಶ್ನೆ ಕೇಳುತ್ತಾಳೆ. ಎರಡಕ್ಕೂ ಅವಳ ಬಾಯಿ ಏಳಲಿಲ್ಲ.

ಅದರ ಮುಂದಿನ ಬೆಳಗ್ಗೆ ಬಿರುಗಾಳಿಗೆ ಹೋಗಿದ್ದ ಕರೆಂಟು ಬಂದಿತ್ತು. ಎಂದಿಗಿಂತ ಬೇಗನೆ ಎದ್ದು, ಬೆಳ್ಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪವಿತ್ರ ಹಾಲು ಕರೆಯುತ್ತಿದ್ದಳು. ಮೇಲೆ ಕೆಂಪು ಕಣ್ಣು ಉರಿಯುತ್ತಿತ್ತು. ಕರೆಂಟು ಹೋಗಿ ಬಂದ ಬೆಳಗ್ಗೆ ಮೊದಲಾದರೆ ಮೇಘನ ಕಾಫಿ ಕುಡಿಯುತ್ತಾ ತನ್ನನ್ನು ನೋಡುತ್ತಿದ್ದಳು, ನೋಡಿ ಸುಮ್ಮನಿರುತ್ತಿದ್ದಳು. ಈಗ ಅವಳ ಫೋನಿನಲ್ಲಿ ಚುಕ್ಕಿ ಮಾತ್ರ.

ಹಿಂದೆ ಹೆಜ್ಜೆಯ ಸದ್ದಾಯಿತು. ಹೊಸ ಮೆಟ್ಟಿಲ ಮೇಲಿನ ಮರಳು ಕಾಲಿಗೆ ಸಿಕ್ಕಿ ಕರಕರ ಅಂದಿತು. ಸ್ವೆಟರು ಹಾಕಿದ ಮೇಘನ ಒಳಗೆ ಬಂದಳು. ಬೊಗಸೆಯಲ್ಲಿ ತಂದಿದ್ದ ಹಿಂಡಿಯನ್ನು ಬೆಳ್ಳಿಯ ಗೊಂತಿಗೆ ಸುರಿದು, ಕೈ ಕೊಡವಿ, ಅಲ್ಲೇ ಗೊಂತಿಗೆ ಒರಗಿ ನಿಂತಳು.

ಹುಲ್ಲಿನ ಮೇಲಿಟ್ಟಿದ್ದ ಫೋನು ಹೊಡೆದುಕೊಳ್ಳತೊಡಗಿತು.

"ಭಾವ ಇರ್ಬೇಕು," ಎಂದಳು ಮೇಘನ, ಕ್ಯಾಮೆರಾದ ಕಡೆಗೇ ನೋಡುತ್ತಾ. "ತಗೋ ಅಕ್ಕ. ಹೇಳು, ಬಂದವ್ಳೆ ಅಂತ."

"ನೋಡ್ಕಳ್ಳಿ ಬುಡು," ಎಂದಳು ಪವಿತ್ರ.

ಫೋನು ನಿಂತಿತು, ಮತ್ತೆ ಹೊಡೆದುಕೊಂಡಿತು. ಬೆಳ್ಳಿ ಹಿಂಡಿಗೆ ಮೂತಿ ಹಾಕಿ ಕಿವಿ ಆಡಿಸಿತು. ಪವಿತ್ರ ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿ ಮೊಲೆ ಜಗ್ಗಿದಳು. ಬಕೆಟ್ಟಿನಲ್ಲಿ ಹಾಲಿನ ಧಾರೆ ಒಂದಾದ ಮೇಲೊಂದು ಬೀಳುತ್ತಾ, ನೊರೆ ನಿಧಾನವಾಗಿ ಏರತೊಡಗಿತು.